ನಿಮಗಿದು ಗೊತ್ತೇ? ಬಾಂಬಿನ ಸದ್ದಿನ ನಡುವೆ ಒಂದು ಮೆಲುದನಿ

‘ವೀಲ್ ಮೀಟ್ ಅಗೇನ್’. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ನಿನಲ್ಲಿ ತೆರೆಕಂಡ ಸಂಗೀತಮಯ ಚಿತ್ರ. ಮೊದಲೇ ಹೇಳಿಬಿಡುತ್ತೇನೆ, ಸಿನಿಮಾ ಎಂದು ನೋಡಿದರೆ ಅದು ಅಷ್ಟಕ್ಕಷ್ಟೇ. ಕಥೆ ಅಂಗೈಯಗಲದ್ದು, ನಟನೆ ಸುಮಾರು. ಆದರೆ ಅದರಲ್ಲಿ ಹಾಡಿದವರು, ಹಾಡಿದ ಹಾಡು, ಆ ಹಾಡಿನ ಸುತ್ತ ನಡೆದ ತಕರಾರು ಇವೆಯಲ್ಲ, ಅವು ಚಿತ್ರಕ್ಕಿಂತ ಎಷ್ಟೋ ಸ್ವಾರಸ್ಯ. ಒಂದೊಂದಾಗಿ ನೋಡೋಣ.

● ಚಿತ್ರದ ನಾಯಕಿ ಪೆಗ್ಗಿ ಬ್ರೌನ್. ಹಾಡು, ಕುಣಿತ, ಹಾಸ್ಯ ಎಲ್ಲ ಒಂದೇ ಟಿಕೆಟಿಗೆ ಸಿಗುವ ಲಂಡನ್ನಿನ ಒಂದು ಮ್ಯೂಸಿಕ್ ಹಾಲ್‌ನಲ್ಲಿ ಅವಳು ಕುಣಿಯುವವಳು. ಗೆಳೆಯನೊಬ್ಬ ಹಾಡು ಕಟ್ಟುವವನು. ವಿಮಾನ ದಾಳಿಯಾದಾಗ ಕೂತ ಜನ ಕಂಗಾಲಾಗದಂತೆ ಅವಳು ಹಾಡುತ್ತಾಳೆ. ಗೆಳೆಯನ ಹಾಡಿಗಿಂತ ಅವಳ ದನಿಯೇ ದೊಡ್ಡವರ ಕಿವಿಗೆ ಬೀಳುತ್ತದೆ. ಅಲ್ಲಿಂದ ರೇಡಿಯೊ, ಅಲ್ಲಿಂದ ಹೆಸರು.

● ಮತ್ತೆ ಪ್ರೇಮ? ಅವಳು ಮೆಚ್ಚಿದ್ದು ಒಬ್ಬ ಸ್ಕಾಟಿಷ್ ಸೈನಿಕನನ್ನು. ಅವನು ಮನಸ್ಸು ಕೊಟ್ಟದ್ದು ಅವಳ ಗೆಳತಿಗೆ! ಹಾಡುವವಳಿಗೆ ಸಿಕ್ಕಿದ್ದು ಮೈಕು ಮಾತ್ರ.

● ಪೆಗ್ಗಿಯಾಗಿ ನಟಿಸಿದ ವೆರಾ ಲಿನ್ ಅವರ ಸ್ವಂತ ಬದುಕೇ ಈ ಕಥೆಗೆ ಸ್ಥೂಲವಾಗಿ ಆಧಾರ. ಆಗ ಆಕೆಗೆ 25 ವರ್ಷ. ಇಪ್ಪತ್ತೈದಕ್ಕೇ ಜೀವನ ಚಿತ್ರವಾಗುವಷ್ಟು ಏರಿದ್ದರು ಎಂದರೆ ಲೆಕ್ಕ ಹಾಕಿಕೊಳ್ಳಿ.

● ಅವರ ಹುಟ್ಟುಹೆಸರು ವೆರಾ ಮಾರ್ಗರೆಟ್ ವೆಲ್ಚ್. 1917ರ ಮಾರ್ಚ್ 20ರಂದು, ಲಂಡನ್ನಿಗೆ ಅಂಟಿಕೊಂಡ ಈಸ್ಟ್ ಹ್ಯಾಮ್‌ನಲ್ಲಿ ಜನನ. ತಂದೆ ಪ್ಲಂಬರ್, ತಾಯಿ ಬಟ್ಟೆ ಹೊಲಿಯುವವರು. ‘ಲಿನ್’ ಎಂಬುದು ಅಜ್ಜಿಯ ತವರಿನ ಹೆಸರು; ವೇದಿಕೆಗೆಂದು ಎರವಲು ತಂದದ್ದು ಕೊನೆವರೆಗೂ ಉಳಿದುಕೊಂಡಿತು.

● ಏಳನೇ ವಯಸ್ಸಿಗೇ ಕಾರ್ಮಿಕರ ಕ್ಲಬ್ಬುಗಳಲ್ಲಿ ಹಾಡತೊಡಗಿದ್ದರು. ಅದಕ್ಕೂ ಮೊದಲು, ಇನ್ನೂ ಎರಡು ವರ್ಷದ ಕೂಸಾಗಿದ್ದಾಗ, ಗಂಟಲುಮಾರಿ ಬಂದು ಸಾವಿನ ಬಾಗಿಲು ತಟ್ಟಿ ಬಂದಿದ್ದರು. ಆ ಗಂಟಲೇ ಮುಂದೆ ದೇಶದ ಗಂಟಲಾಯಿತು.

● ಸಂಗೀತದ ಪಾಠ? ಇಲ್ಲವೇ ಇಲ್ಲ. ದನಿ ಇನ್ನಷ್ಟು ಎತ್ತರಕ್ಕೆ ಏರಲಿ ಎಂದು ಒಮ್ಮೆ ಒಬ್ಬ ಶಿಕ್ಷಕರ ಬಳಿ ಹೋದರು. ಇದು ತಿದ್ದುವ ಕಂಠವಲ್ಲ ಎಂದು ವಾಪಸ್ ಕಳಿಸಿದರಂತೆ. ವೆರಾ ಅವರದು ಕೆಳ ಶ್ರುತಿಯ ಕಂಠ. ಹಾಡನ್ನೇ ತಮ್ಮ ಶ್ರುತಿಗೆ ಇಳಿಸಿಕೊಂಡು ಹಾಡುತ್ತಿದ್ದರು, ದನಿಯನ್ನು ಹಾಡಿನ ಹಿಂದೆ ಅಟ್ಟುತ್ತಿರಲಿಲ್ಲ. ಪದ ಮಾತ್ರ ಅಷ್ಟೂ ಸ್ಪಷ್ಟ.

● 1935ರಲ್ಲಿ ಜೋ ಲಾಸ್ ವಾದ್ಯವೃಂದದೊಂದಿಗೆ ಮೊದಲ ಬಾರಿ ರೇಡಿಯೊದಲ್ಲಿ ಹಾಡಿದರು. ಮರುವರ್ಷ ಅವರ ಹೆಸರಿನಲ್ಲೇ ಮೊದಲ ಗ್ರಾಮಫೋನ್ ತಟ್ಟೆ ಹೊರಬಂತು, ಕ್ರೌನ್ ಎಂಬ ಮುದ್ರೆಯಲ್ಲಿ. ಅದು ಸಂಗೀತದ ಅಂಗಡಿಯಲ್ಲಿ ಸಿಗುವ ಮಾಲಲ್ಲ. ವುಲ್‌ವರ್ತ್ಸ್ ಎಂಬ ಅಗ್ಗದ ಬೆಲೆಯ ಅಂಗಡಿಗಳಲ್ಲಿ, ಪಿನ್ನು ಪಾತ್ರೆಗಳ ಜೊತೆಗೆ, ಆರು ಪೆನ್ನಿಗೆ ಮಾರುತ್ತಿದ್ದ ಒಂಬತ್ತು ಇಂಚಿನ ಪುಟ್ಟ ತಟ್ಟೆ.

● ಚಿತ್ರಕ್ಕೆ ಹೆಸರು ಕೊಟ್ಟ ಹಾಡು ಚಿತ್ರಕ್ಕಾಗಿ ಬರೆದದ್ದಲ್ಲ! ನಾಲ್ಕು ವರ್ಷ ಮೊದಲು, 1939ರಲ್ಲಿ, ರಾಸ್ ಪಾರ್ಕರ್ ಮತ್ತು ಹ್ಯೂಯಿ ಚಾರ್ಲ್ಸ್ ಕಟ್ಟಿದ್ದು. ಅದೇ ವರ್ಷ ವೆರಾ ಹಾಡಿ ತಟ್ಟೆಯಾಯಿತು. ಹಾಡಿನ ಹೆಸರಿನ ಅರ್ಥ ಇಷ್ಟೇ, ಮತ್ತೆ ಸಿಗೋಣ. ಯಾವಾಗ, ಎಲ್ಲಿ ಎಂದು ಕೇಳಬಾರದು. ಮನೆ ಬಿಟ್ಟು ಹೊರಟ ಸಿಪಾಯಿಗೆ ಅದಕ್ಕಿಂತ ಹೆಚ್ಚಿನ ಭರವಸೆ ಕೊಟ್ಟಿದ್ದರೆ ಸುಳ್ಳಾಗುತ್ತಿತ್ತು.

● ಆ 1939ರ ತಟ್ಟೆಯಲ್ಲಿ ಆರ್ಕೆಸ್ಟ್ರಾ ಇಲ್ಲ. ದನಿಯ ಹಿಂದೆ ಕೇಳಿಸುವುದು ನೋವಾಕಾರ್ಡ್ ಎಂಬ ಒಂದೇ ಒಂದು ವಿದ್ಯುತ್ ವಾದ್ಯ, ನುಡಿಸಿದವರು ಆರ್ಥರ್ ಯಂಗ್. ಹ್ಯಾಮಂಡ್ ಆರ್ಗನ್ ಮಾಡಿದ ಅಮೆರಿಕದ ಕಂಪನಿಯದೇ ಇದೂ. ನೋಡಲು ಪಿಯಾನೊ ಮೇಜಿನ ಹಾಗೆ. ಹೊಟ್ಟೆಯೊಳಗೆ 163 ವಾಲ್ವುಗಳು. ತೂಕ ಎರಡು ಕ್ವಿಂಟಾಲಿಗೂ ಹೆಚ್ಚು. ಇಂದಿನ ಸಿಂಥಸೈಜರ್‌ಗಳ ಅಜ್ಜ ಎನ್ನಿ. ‘ಹಳೆಯ ಕಾಲದ ಹಾಡು’ ಎಂದು ನಾವು ನಿಟ್ಟುಸಿರು ಬಿಡುವ ಈ ಹಾಡು ತನ್ನ ಕಾಲದಲ್ಲಿ ಕೇಳಿಸಿದ್ದು ಅತ್ಯಾಧುನಿಕ ಯಂತ್ರದ ಜೊತೆಗೆ.

● ಯುದ್ಧ ಶುರುವಾಗಿದ್ದೇ ತಡ, ನೋವಾಕಾರ್ಡ್ ಕಾರ್ಖಾನೆಗೆ ಬಿಡಿಭಾಗ ಸಿಗುವುದು ಕಷ್ಟವಾಯಿತು. 1942ಕ್ಕೆ ತಯಾರಿಕೆ ನಿಂತಿತು. ತಯಾರಾದದ್ದು ಒಟ್ಟು ಸಾವಿರದ ಚಿಲ್ಲರೆ.

● ‘ಸೇನೆಯ ಮನದನ್ನೆ’ ಎಂಬ ಬಿರುದು ಆಕೆಗೆ ಯಾವ ಸರಕಾರವೂ ಕೊಟ್ಟದ್ದಲ್ಲ. ಯುದ್ಧ ಶುರುವಾದ ಹೊಸತರಲ್ಲಿ ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆ ಸೈನಿಕರನ್ನು ಕೇಳಿತು, ನಿಮಗೆ ಯಾರ ಹಾಡು ಇಷ್ಟ ಎಂದು. ಹೆಚ್ಚು ಮತ ಬಿದ್ದದ್ದು ಈ ಪ್ಲಂಬರನ ಮಗಳಿಗೆ.

● ಚಿತ್ರದಲ್ಲಿ ಬರುವ ದಾಳಿ ಸೆಟ್ಟಿನದು, ನಿಜ. ಆದರೆ ನೋಡಲು ಬಂದವರಿಗೆ ಅದೇನೂ ಕಟ್ಟುಕಥೆಯಲ್ಲ. 1940ರ ಸೆಪ್ಟೆಂಬರ್ 7ರಿಂದ ಲಂಡನ್ನಿನ ಮೇಲೆ 57 ರಾತ್ರಿ ಒಂದೇ ಸಮನೆ ಬಾಂಬು ಬಿದ್ದಿತ್ತು. ವೆರಾ ಆಗ ಹಾಡುತ್ತಿದ್ದ ಹೋಬರ್ನ್ ಎಂಪೈರ್ ರಂಗಮಂದಿರವೇ ಬಾಂಬಿಗೆ ಸಿಕ್ಕಿತು. ಪ್ರದರ್ಶನ ಮರುವರ್ಷ ಪಲೇಡಿಯಂ ರಂಗಮಂದಿರಕ್ಕೆ ಹೋಯಿತು. ಹಾಡಿ ಮುಗಿಸಿ ತಮ್ಮ ಪುಟ್ಟ ಆಸ್ಟಿನ್ ಕಾರನ್ನು ತಾವೇ ಓಡಿಸಿಕೊಂಡು, ದೀಪ ಆರಿಸಿದ ಬೀದಿಗಳಲ್ಲಿ ಮನೆ ಸೇರುತ್ತಿದ್ದರು.

● ಎಲ್ಲ ಹಾಡುಗಾರರೂ ಮನೆ ಸೇರಲಿಲ್ಲ. 1941ರ ಮಾರ್ಚ್ 8ರ ರಾತ್ರಿ ಕೆಫೆ ಡಿ ಪ್ಯಾರಿಸ್ ಎಂಬ ನೆಲಮಾಳಿಗೆಯ ಕುಣಿತದ ಕ್ಲಬ್ಬಿಗೆ ಬಾಂಬು ಬಿತ್ತು. ವೇದಿಕೆಯ ಮೇಲಿದ್ದ ವಾದ್ಯವೃಂದದ ನಾಯಕ ಕೆನ್ ಜಾನ್ಸನ್ ಅಲ್ಲೇ ಸತ್ತರು. ಮುಂದಿನ ತಿಂಗಳು, ಏಪ್ರಿಲ್ 17ರಂದು, ಬ್ರಿಟನ್ನಿನ ಮೆಚ್ಚಿನ ಗಾಯಕ ಆಲ್ ಬೋಲಿ ತಮ್ಮ ಮನೆಯ ಹೊರಗೆ ಬಿದ್ದ ಪ್ಯಾರಾಶೂಟ್ ಬಾಂಬಿಗೆ ಬಲಿಯಾದರು.

● 1941ರ ನವೆಂಬರಿನಲ್ಲಿ ಬಿಬಿಸಿ ರೇಡಿಯೊ ವೆರಾ ಅವರಿಗೆ ಒಂದು ಕಾರ್ಯಕ್ರಮ ಕೊಟ್ಟಿತು, ‘ಸಿನ್ಸಿಯರ್ಲಿ ಯುವರ್ಸ್’. ಭಾನುವಾರ ರಾತ್ರಿ, ಒಂಬತ್ತರ ವಾರ್ತೆ ಮುಗಿದ ಮೇಲೆ. ಅದು ಕಚೇರಿಯಲ್ಲ, ಕಾಗದ! ದೂರದ ಗಂಡುಮಕ್ಕಳಿಗೆ ಮನೆಯಿಂದ ಬರೆದ ಕಾಗದದ ಹಾಗೆ ಆಕೆ ಮಾತಾಡುತ್ತಿದ್ದರು, ನಡುನಡುವೆ ಹಾಡುತ್ತಿದ್ದರು. ಹೆರಿಗೆ ಆಸ್ಪತ್ರೆಗಳಿಗೆ ಹೋಗಿ ಬಾಣಂತಿಯರನ್ನು ಕಂಡು ಬರುವುದೂ ಅದರ ಭಾಗ. ಆಮೇಲೆ ಮೈಕಿನ ಮುಂದೆ, ಎಲ್ಲೋ ಮರಳುಗಾಡಿನಲ್ಲಿರುವ ಅಪ್ಪನಿಗೆ ಸುದ್ದಿ: ಮಗು ಹುಟ್ಟಿದೆ, ತಾಯಿ ಮಗು ಇಬ್ಬರೂ ಕ್ಷೇಮ. ಯುದ್ಧಭೂಮಿಯಲ್ಲಿ ಕೂತು ಆ ಒಂದು ವಾಕ್ಯ ಕೇಳಿಸಿಕೊಂಡವನ ಮುಖ ಹೇಗಿದ್ದೀತು, ಯೋಚಿಸಿ.

● ಇದಕ್ಕೂ ಆಕ್ಷೇಪ ಬಂತು ಎಂದರೆ ನಂಬುತ್ತೀರಾ? ಇಂಥ ಮೆದು ಹಾಡು, ಅಳುಮೋರೆಯ ಹಾಡು ಕೇಳಿದರೆ ಸೈನಿಕರು ಮೆತ್ತಗಾಗುತ್ತಾರೆ, ಅವರಿಗೆ ಬೇಕಾದ್ದು ಹೆಜ್ಜೆ ಹಾಕಿಸುವ ಬ್ಯಾಂಡು ಎಂದು ದೊಡ್ಡವರ ಗೊಣಗಾಟ. ಬಿಬಿಸಿಯ ಆಡಳಿತ ಮಂಡಳಿ ತನ್ನ ಟಿಪ್ಪಣಿಯಲ್ಲಿ ಕಾರ್ಯಕ್ರಮದ ಬಗ್ಗೆ ವಿಷಾದವನ್ನೂ ದಾಖಲಿಸಿತು, ಅದರ ಜನಪ್ರಿಯತೆಯನ್ನೂ ದಾಖಲಿಸಿತು. ಎರಡೂ ಒಂದೇ ಉಸಿರಿನಲ್ಲಿ! ಸರಕಾರಿ ಕಡತ ಓದಿ ಅಭ್ಯಾಸವಿದ್ದವರಿಗೆ ಈ ಧಾಟಿ ಪರಿಚಿತ. 1942ರಲ್ಲಿ ಅತಿ ಭಾವುಕ ಹಾಡುಗಳನ್ನು ಸೋಸಲು ಒಂದು ಸಮಿತಿಯೂ ಬಂತು.

● ಇದೇ ಹೊತ್ತಿಗೆ ಸಿನಿಮಾದವರು ಮಾತ್ರ ಆ ಮೆದು ಹಾಡನ್ನೇ ಹಿಡಿದುಕೊಂಡು ಆಕೆಯನ್ನು ತೆರೆಗೆ ತಂದರು. ನಿರ್ದೇಶಕ ಫಿಲಿಪ್ ಬ್ರಾಂಡನ್. ಸಮಿತಿ ಏನೇ ಹೇಳಲಿ, ಟಿಕೆಟು ಕೊಳ್ಳುವವರ ಅಭಿರುಚಿ ಅವರಿಗೆ ಗೊತ್ತಿತ್ತು.

● ಅತ್ತ ಕಡೆಯ ಕಥೆ ಕೇಳಿ. ಜರ್ಮನಿಯಲ್ಲೂ ಒಂದು ಮೆದು ಹಾಡು ಇತ್ತು, ‘ಲಿಲಿ ಮಾರ್ಲೀನ್’. ಹಾನ್ಸ್ ಲೈಪ್ ಎಂಬ ಸೈನಿಕ ಪದ್ಯ ಬರೆದದ್ದು ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ. ಲಾಲೆ ಆಂಡರ್ಸನ್ 1939ರಲ್ಲಿ ಹಾಡಿದ ತಟ್ಟೆ ಮೊದಲಿಗೆ ನೂರಾರು ಪ್ರತಿಯಷ್ಟೇ ಖರ್ಚಾಗಿ ಮೂಲೆ ಸೇರಿತ್ತು. 1941ರಲ್ಲಿ ಜರ್ಮನ್ನರು ಬೆಲ್‌ಗ್ರೇಡ್ ರೇಡಿಯೊ ಹಿಡಿದರು. ಹಾಕಲು ತಟ್ಟೆಗಳ ಅಭಾವ; ಸಿಕ್ಕಿದ್ದನ್ನೇ ಹಾಕಿದರು. ಹುಚ್ಚು ಹಿಡಿದದ್ದು ಹಾಗೆ. ಆಮೇಲೆ ದಿನಾ ರಾತ್ರಿ ಹತ್ತಕ್ಕೆ ಕೆಲವೇ ನಿಮಿಷ ಇರುವಾಗ ಅದೇ ಹಾಡು. ಉತ್ತರ ಆಫ್ರಿಕದ ಮರಳಿನಲ್ಲಿ ಎದುರುಬದುರು ಗುಂಡಿ ತೋಡಿ ಕೂತ ಎರಡೂ ಕಡೆಯ ಸೈನಿಕರು ಅದಕ್ಕೇ ಕಿವಿ ತಿರುಗಿಸುತ್ತಿದ್ದರು.

● ನಾಜಿ ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಆ ಹಾಡು ಸೇರುತ್ತಿರಲಿಲ್ಲ. ಕಾರಣ? ಸೈನಿಕರು ಮೆತ್ತಗಾಗುತ್ತಾರಂತೆ! ಹಾಡಿನ ವಿಷಯದಲ್ಲಿ ಲಂಡನ್ನಿನ ಸಮಿತಿಗೂ ಬರ್ಲಿನ್ನಿನ ಮಂತ್ರಿಗೂ ಇದ್ದ ಭಯ ಒಂದೇ. ನನಗಂತೂ ಈ ಇಡೀ ಪಟ್ಟಿಯಲ್ಲಿ ಇದೇ ಅತಿ ಸ್ವಾರಸ್ಯದ ಸಂಗತಿ.

● ಬ್ರಿಟಿಷರು ಕೊನೆಗೆ ಶತ್ರುವಿನ ಹಾಡನ್ನು ಇಂಗ್ಲಿಷಿಗೆ ತಂದು ಆನ್ ಶೆಲ್ಟನ್ ಕೈಲಿ ಹಾಡಿಸಿದರು. ವೆರಾ ಕೂಡ ಹಾಡಿದರು.

● ಯುದ್ಧ, ಗಾಯಕಿ, ಸೈನಿಕ ಎಂಬ ಮೂರು ಎಳೆಯ ಕಥೆಯನ್ನು ಜರ್ಮನ್ನರು ಒಂದು ವರ್ಷ ಮುಂಚೆಯೇ ಹೆಣೆದಿದ್ದರು. 1942ರ ‘ಡೀ ಗ್ರೋಸೆ ಲೀಬೆ’, ಅಂದರೆ ‘ಮಹಾ ಪ್ರೇಮ’. ನಾಯಕಿ ಸ್ವೀಡನ್ನಿನ ತಾರೆ ಜಾರಾ ಲಿಯಾಂಡರ್, ಪಾತ್ರ ಹೆಸರಾಂತ ಗಾಯಕಿಯದು, ಪ್ರಿಯಕರ ವಾಯುಸೇನೆಯ ಪೈಲಟ್. ಸುಮಾರು 2 ಕೋಟಿ 70 ಲಕ್ಷ ಜನ ನೋಡಿದ, ನಾಜಿ ಕಾಲದ ಅತಿ ದೊಡ್ಡ ಗಳಿಕೆಯ ಚಿತ್ರವದು. ಅದರ ಜನಪ್ರಿಯ ಗೀತೆಗಳನ್ನು ಬರೆದ ಬ್ರೂನೊ ಬಾಲ್ಜ್ ಅವರನ್ನು ಸಲಿಂಗಕಾಮಿ ಎಂಬ ಕಾರಣಕ್ಕೆ 1941ರಲ್ಲಿ ನಾಜಿ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಹಿಡಿದು ಹಾಕಿತ್ತು. ದೇಶಕ್ಕೆ ಧೈರ್ಯ ತುಂಬುವ ಹಾಡು ಬೇಕು, ಬರೆಯುವವನು ಬೇಡ!

● ಬ್ರಿಟಿಷ್ ಚಿತ್ರಕ್ಕೆ ಮರಳೋಣ. ಅದರಲ್ಲಿ ಜೆರಾಲ್ಡೊ ಎಂಬ ವಾದ್ಯವೃಂದ ನಾಯಕರೂ ಬರುತ್ತಾರೆ. ಹೆಸರು ಕೇಳಿದರೆ ಅರ್ಜೆಂಟೀನಾದಿಂದ ಹಡಗು ಹತ್ತಿ ಬಂದವರ ಹಾಗಿದೆ. ಅಪ್ಪಟ ಲಂಡನ್ನಿನವರು, ನಿಜನಾಮ ಜೆರಾಲ್ಡ್ ಬ್ರೈಟ್. ಟ್ಯಾಂಗೊ ಸಂಗೀತದ ಹುಚ್ಚಿದ್ದ ಕಾಲದಲ್ಲಿ ಹೆಸರಿನ ಬಾಲಕ್ಕೆ ಒಂದು ‘ಓ’ ಸೇರಿಸಿಕೊಂಡರು, ಸರಿಹೋಯಿತು.

● ಸೈನಿಕನ ಪಾತ್ರ ಮಾಡಿದ ಡೊನಾಲ್ಡ್ ಗ್ರೇ ನಿಜಜೀವನದಲ್ಲೂ ಯುದ್ಧಕ್ಕೆ ಹೋದರು, ಎಡಗೈ ಕಳೆದುಕೊಂಡರು. ನಟನೆ ಬಿಡಲಿಲ್ಲ. 1950ರ ದಶಕದಲ್ಲಿ ಟೀವಿಯಲ್ಲಿ ಒಂದೇ ಕೈಯ ಪತ್ತೇದಾರ ಮಾರ್ಕ್ ಸೇಬರ್ ಆಗಿ ಮನೆಮಾತಾದರು.

● ಗೆಳತಿಯಾಗಿ ನಟಿಸಿದ ಪೆಟ್ರೀಷಿಯಾ ರಾಕ್ ಅದೇ ವರ್ಷ ‘ಮಿಲಿಯನ್ಸ್ ಲೈಕ್ ಅಸ್’ ಚಿತ್ರದಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆ ಹುಡುಗಿಯಾದರು. ಎರಡನ್ನೂ ನೋಡುವುದಾದರೆ, ಸಿನಿಮಾ ಎಂಬ ದೃಷ್ಟಿಯಿಂದ ‘ಮಿಲಿಯನ್ಸ್ ಲೈಕ್ ಅಸ್’ ಮೇಲು.

● ಅಮೆರಿಕದಲ್ಲೂ 1943ರಲ್ಲಿ ಮೇಲೇರುವ ಗಾಯಕಿಯ ಕಥೆಯೊಂದು ಬಂತು, ‘ಹಲೋ, ಫ್ರಿಸ್ಕೊ, ಹಲೋ’. ಆಲಿಸ್ ಫೇ ಹಾಡಿದ ಅದರ ‘ಯೂಲ್ ನೆವರ್ ನೋ’ ಗೀತೆ ಆಸ್ಕರ್ ಗೆದ್ದಿತು. ಆದರೆ ಆಲಿಸ್ ದನಿಯ ತಟ್ಟೆಯನ್ನು ಅಂಗಡಿಯಲ್ಲಿ ಹುಡುಕಿದವರು ಬರಿಗೈಯಲ್ಲಿ ಮರಳಿದರು, ಏಕೆಂದರೆ ಸ್ಟುಡಿಯೊದ ಕರಾರು ಅಡ್ಡಬಂದಿತ್ತು. ಅದನ್ನು ತಟ್ಟೆಯಲ್ಲಿ ಗೆಲ್ಲಿಸಿದವರು ಡಿಕ್ ಹೇಮ್ಸ್, ಅದೂ ಒಂದೇ ಒಂದು ವಾದ್ಯವಿಲ್ಲದೆ! 1942ರ ಆಗಸ್ಟಿನಿಂದ ಅಮೆರಿಕದ ವಾದ್ಯಗಾರರ ಸಂಘ ಧ್ವನಿಮುದ್ರಣ ಬಹಿಷ್ಕರಿಸಿತ್ತು. ಹಾಡುಗಾರರು ಆ ಸಂಘದ ಸದಸ್ಯರಲ್ಲ. ಹಾಗಾಗಿ ಪಿಟೀಲು, ತುತ್ತೂರಿಯ ಜಾಗದಲ್ಲಿ ಬರೀ ಗಂಟಲುಗಳನ್ನು ನಿಲ್ಲಿಸಿ ಕೆಲಸ ಮುಗಿಸಿದರು.

● ನಮ್ಮಲ್ಲಿ? ಅದೇ 1943ರಲ್ಲಿ ಬೊಂಬಾಯಿಯ ರಣಜಿತ್ ಮೂವೀಟೋನ್ ‘ತಾನ್‌ಸೇನ್’ ತೆಗೆಯಿತು. ಗಾಯಕನೊಬ್ಬ ಅಕ್ಬರನ ಆಸ್ಥಾನಕ್ಕೇರುವ ಕಥೆ. ಸೈಗಲ್ ಮತ್ತು ಖುರ್ಷಿದ್ ಜೋಡಿ, ಖೇಮಚಂದ್ ಪ್ರಕಾಶ್ ಸಂಗೀತ. ಯುದ್ಧದಿಂದ ಕಚ್ಚಾ ಫಿಲ್ಮಿಗೆ ಬರ ಬಂದು, ಒಂದು ಚಿತ್ರಕ್ಕೆ 11,000 ಅಡಿಗಿಂತ ಹೆಚ್ಚು ಬಳಸಬಾರದು ಎಂದು ಸರಕಾರ ಕಟ್ಟು ಹಾಕಿದ್ದ ಕಾಲ. ಎರಡು ಗಂಟೆ ಚಿಲ್ಲರೆಯಲ್ಲಿ ಹಾಡು ಕಥೆ ಎಲ್ಲ ಮುಗಿಯಬೇಕು.

● ಕನ್ನಡಕ್ಕೂ 1943 ಸಂಗೀತದ ವರ್ಷವೇ. ಪಿಟೀಲು ಚೌಡಯ್ಯನವರು ನಿರ್ಮಿಸಿದ, ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ ‘ವಾಣಿ’ ಆಗಲೇ ಬಂದದ್ದು. ಪಂಡರೀಬಾಯಿ ಅವರ ಮೊದಲ ಚಿತ್ರ. ಚೆಂಬೈ ವೈದ್ಯನಾಥ ಭಾಗವತರು ತೆರೆಯ ಮೇಲೆ ಹಾಡಿದ್ದೂ ಇದರಲ್ಲೇ.

● ಚೌಡಯ್ಯನವರ ಹೆಸರು ಬಂದ ಮೇಲೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಪಿಟೀಲು ಕೇಳಿಸಲಿ ಎಂದು ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಇತ್ತ ವೆರಾ ಲಿನ್ ತದ್ವಿರುದ್ಧ. ಮೈಕು ಇದೆ ಎಂದು ಗೊತ್ತಾದ ಕ್ಷಣದಿಂದ ದನಿ ಏರಿಸುವುದನ್ನೇ ಬಿಟ್ಟು, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹಾಡಿದರು. ದೊಡ್ಡ ಸಭೆಯನ್ನು ತಲುಪಲು ಎರಡು ದಾರಿ.

● ವೆರಾ ಅವರ ಇನ್ನೊಂದು ಜನಪ್ರಿಯ ಯುದ್ಧಗೀತೆಯಲ್ಲಿ ಡೋವರ್‌ನ ಬಿಳಿ ಬಂಡೆಗಳ ಮೇಲೆ ‘ಬ್ಲೂಬರ್ಡ್’ ಹಾರುತ್ತದೆ. ಬ್ರಿಟನ್ನಿನಲ್ಲಿ ಆ ಹಕ್ಕಿಯೇ ಇಲ್ಲ! ಅದು ಅಮೆರಿಕದ ಹಕ್ಕಿ. ಹಾಡು ಬರೆದ ನ್ಯಾಟ್ ಬರ್ಟನ್, ರಾಗ ಹಾಕಿದ ವಾಲ್ಟರ್ ಕೆಂಟ್ ಇಬ್ಬರೂ ಅಮೆರಿಕದವರೇ.

● ಚಿತ್ರದ ಪೆಗ್ಗಿ ಲಂಡನ್ನಿನಲ್ಲೇ ಉಳಿದಳು. ವೆರಾ ಉಳಿಯಲಿಲ್ಲ. 1944ರಲ್ಲಿ ಈಜಿಪ್ಟ್ ದಾಟಿ, ಭಾರತದ ಮೂಲಕ ಬರ್ಮಾ ಗಡಿಗೆ ಬಂದರು. ಹೆಸರಾಂತ ಕಲಾವಿದರು ಅಷ್ಟು ದೂರ ಬರುತ್ತಿರಲಿಲ್ಲ. ಅಲ್ಲಿದ್ದ 14ನೇ ಸೇನೆಗೆ ‘ಮರೆತುಹೋದ ಸೇನೆ’ ಎಂದೇ ಹೆಸರು. ಆ ಸೇನೆಯಲ್ಲಿ ಬಹುಪಾಲು ಭಾರತೀಯರೇ ಇದ್ದರು ಎಂಬುದನ್ನು ಬ್ರಿಟಿಷ್ ನೆನಪುಗಳು ಎಷ್ಟೋ ಸಲ ಮರೆಯುತ್ತವೆ, ನಾವು ಮರೆಯಬೇಕಿಲ್ಲ. ಇಂದು ಬಾಂಗ್ಲಾದೇಶದಲ್ಲಿರುವ ಶಂಶೇರ್‌ನಗರದ ವಿಮಾನ ನೆಲೆಯಲ್ಲಿ ಆಕೆ ಹಾಡಿದ್ದು ಮಾರ್ಚ್‌ನಲ್ಲಿ. ಏಪ್ರಿಲ್‌ನಲ್ಲಿ ಜಪಾನೀಯರ ವಿರುದ್ಧ ಕೊಹಿಮಾ ಕದನ ಶುರುವಾಯಿತು.

● ಆ ಪ್ರವಾಸದ ವಾದ್ಯವೃಂದ ಎಂದರೆ ಲಾರಿಯ ಮೇಲೆ ಕುಲುಕುತ್ತಾ ಬಂದ ಒಂದು ಪುಟ್ಟ ಪಿಯಾನೊ. ಸೆಕೆಗೆ, ಏಟಿಗೆ ಅದರ ಶ್ರುತಿ ದಿನಕ್ಕೊಂದು ದಿಕ್ಕು. ಮೇಲಿಂದ ಬೆವರು, ಹುಳುಹುಪ್ಪಟೆ. ರೇಷ್ಮೆಯುಡುಗೆಯ ಗಾಯಕಿ ಅಲ್ಲಿ ಖಾಕಿ ಚಡ್ಡಿ ತೊಟ್ಟು ಹಾಡಿದರು. ಆ ಚಡ್ಡಿ ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸೇರಿದೆ. ಬರ್ಮಾ ಸ್ಟಾರ್ ಪದಕ ಮಾತ್ರ ನಿಧಾನಕ್ಕೆ, 1985ರಲ್ಲಿ ಬಂತು.

● ಗಂಡ ಹ್ಯಾರಿ ಲೂಯಿಸ್ ಕ್ಲಾರಿನೆಟ್ ವಾದಕರು. ಮದುವೆ 1941ರಲ್ಲಿ. ಚಿತ್ರದ ಪೆಗ್ಗಿಗಿಂತ ಆಕೆಯ ಅದೃಷ್ಟ ಚೆನ್ನಾಗಿತ್ತು.

● ವೆರಾ ನಟಿಸಿದ ಯುದ್ಧಕಾಲದ ಚಿತ್ರಗಳು ಮೂರೇ. ‘ವೀಲ್ ಮೀಟ್ ಅಗೇನ್’, ಅದೇ ವರ್ಷದ ‘ರಿದಂ ಸೆರೆನೇಡ್’, 1944ರ ‘ಒನ್ ಎಕ್ಸೈಟಿಂಗ್ ನೈಟ್’. ಮತ್ತೆ ಸಿನಿಮಾ ನಾಯಕಿಯಾಗುವ ಗೋಜಿಗೆ ಹೋಗಲಿಲ್ಲ. ಒಳ್ಳೆಯದೇ ಆಯಿತು.

● 1952ರಲ್ಲಿ ಒಂದು ಹಾಡಿನಿಂದ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯ ನೆತ್ತಿಗೇರಿದ ಮೊದಲ ಬ್ರಿಟಿಷ್ ಕಲಾವಿದೆ ವೆರಾ; ಒಂಬತ್ತು ವಾರ ಇಳಿಯಲಿಲ್ಲ. ಬೀಟಲ್ಸ್ ಬರಲು ಇನ್ನೂ ಹನ್ನೆರಡು ವರ್ಷ ಬಾಕಿ. ಆ ಹಾಡಿನ ಮೂಲ ಧಾಟಿ ಯಾರದು ಗೊತ್ತೇ? ಜರ್ಮನ್ನರದು!

● 1964ರಲ್ಲಿ ಸ್ಟಾನ್ಲಿ ಕುಬ್ರಿಕ್ ತಮ್ಮ ‘ಡಾಕ್ಟರ್ ಸ್ಟ್ರೇಂಜ್‌ಲವ್’ ಚಿತ್ರದ ಕೊನೆಗೆ ಸಾಲುಸಾಲು ಅಣುಬಾಂಬುಗಳನ್ನು ಸಿಡಿಸಿ, ಅದರ ಮೇಲೆ ವೆರಾ ಅವರ ‘ಮತ್ತೆ ಸಿಗೋಣ’ ಹಾಕಿದರು. ನಗಬೇಕೋ ನಡುಗಬೇಕೋ ತಿಳಿಯದು.

● 2009ರಲ್ಲಿ, 92ನೇ ವಯಸ್ಸಿನಲ್ಲಿ, ಆಕೆಯ ಹಳೆಯ ಹಾಡುಗಳ ಸಂಕಲನ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಬದುಕಿದ್ದಾಗ ಆ ಸ್ಥಾನ ಕಂಡವರಲ್ಲಿ ಅಷ್ಟು ವಯಸ್ಸಿನವರು ಅದುವರೆಗೆ ಯಾರೂ ಇರಲಿಲ್ಲ. ನೂರು ತುಂಬಿದಾಗ ಡೋವರ್‌ನ ಬಿಳಿ ಬಂಡೆಯ ಮೇಲೆ ಆಕೆಯ ಮುಖವನ್ನು ಬೆಳಕಿನಲ್ಲಿ ಮೂಡಿಸಿದರು.

● 2020ರ ಏಪ್ರಿಲ್ 5ರಂದು, ಕೊರೊನಾ ಲಾಕ್‌ಡೌನಿನಲ್ಲಿ, ರಾಣಿ ಎಲಿಜಬೆತ್ ಟೀವಿಯಲ್ಲಿ ಮಾಡಿದ ಭಾಷಣ ಮುಗಿಸಿದ್ದು ಈ ಹಾಡಿನ ಹೆಸರನ್ನೇ ನೆನಪಿಸುವ ಮಾತಿನಿಂದ. ಹಾಡಿದವರು ಆಗ ಇನ್ನೂ ಬದುಕಿದ್ದರು, 103ರ ವಯಸ್ಸು. ಜೂನ್ 18ರಂದು ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಆಕೆಯ ಊರಾದ ಡಿಚ್‌ಲಿಂಗ್ ಹಳ್ಳಿಯ ಮೇಲೆ ಯುದ್ಧಕಾಲದ ಸ್ಪಿಟ್‌ಫೈರ್ ವಿಮಾನಗಳು ಹಾರಿದವು.

● ಕೊನೆಗೊಂದು ಸೂಚನೆ. ಈ ಹಾಡನ್ನು ಯೂಟ್ಯೂಬಿನಲ್ಲಿ ಹುಡುಕುವವರು ಇಸವಿ ನೋಡಿ ಒತ್ತಿ. ಸೈನಿಕರ ಕೋರಸ್ ಜೊತೆಗೂಡಿದ್ದು 1953ರ ಮುದ್ರಣ; ಕುಬ್ರಿಕ್ ಬಳಸಿದ್ದು ಅದನ್ನೇ. ಒಬ್ಬ ಹುಡುಗಿ, ಒಂದು ನೋವಾಕಾರ್ಡ್ ಅಷ್ಟೇ ಇರುವುದು 1939ರದ್ದು. ಮೊದಲು ಅದನ್ನು ಕೇಳಿ.